ಪೋರ್ಶೆಗಿಂತ ಮುಂಚೆ ಮಾರುತಿ

ಯುವಮಿತ್ರರೇ, ಮರೀನ್ ಡ್ರೈವ್‌ನಲ್ಲಿ ಗುಡುಗುತ್ತ ಹೋಗುವ ಪೋರ್ಶೆಯ ಹಿಂದೆ ನಿಮ್ಮ ಕಣ್ಣೂ ಓಡುತ್ತದೆ, ಬಲ್ಲೆ. ಸಾಲ ಮಾಡಿ ಹಳೆಯದೊಂದನ್ನು ಕೊಂಡೇಬಿಟ್ಟಿರೆನ್ನಿ. ಕಡ್ಡಾಯದ ಥರ್ಡ್ ಪಾರ್ಟಿ ವಿಮೆಗೆ ಕಾರಿನ ಬೆಲೆ ಲೆಕ್ಕಕ್ಕಿಲ್ಲ, ಎಂಜಿನ್ ಗಾತ್ರವಷ್ಟೆ, ಹೊರೆ ಹಗುರ. ಆದರೆ ಅದು ಪರರ ನಷ್ಟಕ್ಕೆ. ನಿಮ್ಮ ಕಾರಿನ ಹಾನಿಗೆ ಬೇರೆ ಪ್ರೀಮಿಯಂ, ಅದು ಬೆಲೆಯೊಂದಿಗೆ ಏರುತ್ತದೆ. ಅಷ್ಟು ಕಟ್ಟಿದರೂ, ‘ಝೀರೋ ಡೆಪ್ರಿಸಿಯೇಶನ್’ ಸೇರಿಸಿಲ್ಲದಿದ್ದರೆ ಒಡೆದ ಪ್ಲಾಸ್ಟಿಕ್ ಬಂಪರಿನ ಅರ್ಧ ಬೆಲೆ ನಿಮ್ಮ ಜೇಬಿನಿಂದಲೇ!

ಅಪ್ಪನ ಹೆಸರಿನ ಕಾರನ್ನು ನೀವೆಷ್ಟೇ ಜೋಪಾನವಾಗಿ ಓಡಿಸಿದರೂ ನೋ ಕ್ಲೇಮ್ ಬೋನಸ್ ಅಪ್ಪನದೇ. ನಿಮ್ಮ ಹೆಸರಲ್ಲೇ ಪುಟ್ಟ ಮಾರುತಿ ಕೊಳ್ಳಿ. ಸತತ 5 ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 50 ರಿಯಾಯಿತಿ. ಕಾರು ಮಾರಿದರೂ ಬೋನಸ್ ನಿಮ್ಮೊಡನೆಯೇ ಮುಂದಿನ ಕಾರಿಗೆ ಬರುತ್ತದೆ, ಪೋರ್ಶೆಗೂ ಸಹ. ಅದು ಹಳೆಯದಾದರೆ, ಕೊಂಡ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ.