ಸುರಕ್ಷಿತ ಜೂಜು: ಹಣಕ್ಕೆ ಕಾವಲಿದೆ, ಮನುಷ್ಯನಿಗೆ?

ಬ್ರಿಟನ್ನಿನಲ್ಲಿ ಜೂಜು ಕದ್ದುಮುಚ್ಚಿ ನಡೆಯುವ ವ್ಯವಹಾರವಲ್ಲ. ಅದು ಪರವಾನಗಿ ಪಡೆದ, ತೆರಿಗೆ ಕಟ್ಟುವ, ಹಾಡಹಗಲೇ ನಡೆಯುವ ಉದ್ಯಮ. 1960ರ ಶಾಸನವು ಅಲ್ಲಿನ ಬೀದಿಗಳಲ್ಲಿ ಬಾಜಿ ಕಟ್ಟುವ ಅಂಗಡಿಗಳಿಗೆ ದಾರಿ ಮಾಡಿಕೊಟ್ಟಿತು. 1994ರಲ್ಲಿ ರಾಷ್ಟ್ರೀಯ ಲಾಟರಿ ಆರಂಭವಾಯಿತು. 2005ರ ಜೂಜು ಕಾಯಿದೆಯು ಗ್ಯಾಂಬ್ಲಿಂಗ್ ಕಮಿಷನ್ ಎಂಬ ನಿಯಂತ್ರಣ ಸಂಸ್ಥೆಯನ್ನು ಹುಟ್ಟುಹಾಕಿ ಅದಕ್ಕೆ ಮೂರು ಹೊಣೆಗಳನ್ನು ಒಪ್ಪಿಸಿತು: ಜೂಜಿನಿಂದ ಅಪರಾಧವನ್ನು ದೂರವಿಡುವುದು, ಆಟ ನ್ಯಾಯವಾಗಿ ನಡೆಯುವಂತೆ ನೋಡಿಕೊಳ್ಳುವುದು, ಮಕ್ಕಳನ್ನೂ ದುರ್ಬಲರನ್ನೂ ಕಾಪಾಡುವುದು. 2014ರ ತಿದ್ದುಪಡಿಯ ಬಳಿಕ, ಯಾವ ದೇಶದಲ್ಲಿ ಕುಳಿತ ಕಂಪೆನಿಯೇ ಆಗಲಿ, ಬ್ರಿಟನ್ನಿನ ಗಿರಾಕಿಗಳಿಗೆ ಆನ್‌ಲೈನ್ ಕ್ಯಾಸಿನೊ ನಡೆಸಬೇಕಾದರೆ ಈ ಕಮಿಷನ್ನಿನ ಪರವಾನಗಿ ಕಡ್ಡಾಯವಾಯಿತು.

ದೂರದ ಆ ದೇಶದ ಕಾನೂನು ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮ ಕಥೋಲಿಕ ಕುಟುಂಬಗಳ ಎಷ್ಟೋ ಮಕ್ಕಳು ಇಂದು ಅಲ್ಲಿನ ಆಸ್ಪತ್ರೆಗಳಲ್ಲಿ ದಾದಿಯರಾಗಿ, ವೃದ್ಧಾಶ್ರಮಗಳಲ್ಲಿ ಆರೈಕೆಯ ಕೆಲಸಗಾರರಾಗಿ, ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿಗಳಾಗಿ ಇದ್ದಾರೆ. ರಾತ್ರಿ ಪಾಳಿ ಮುಗಿಸಿ ಒಂಟಿ ಕೋಣೆಗೆ ಮರಳುವ ಯುವಕನ ಕೈಯಲ್ಲಿರುವ ಫೋನಿನೊಳಗೆ ಆ ಕ್ಯಾಸಿನೊ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ. ಹೀಗಿರುವಾಗ ಅವರು ಒಡ್ಡುವ ವಾದ ಇದು: ಸರಕಾರ ಒಪ್ಪಿದೆ, ಬ್ಯಾಂಕು ಹಣ ಪಾವತಿಸುತ್ತದೆ, ಗೆದ್ದ ಹಣಕ್ಕೆ ಆಟಗಾರನು ತೆರಿಗೆಯನ್ನೂ ಕೊಡಬೇಕಾಗಿಲ್ಲ, ಸುರಕ್ಷಿತವೆಂದು ಬರೆದೂ ಇದೆ. ತಪ್ಪೆಲ್ಲಿದೆ, ಫಾದರ್? ಈ ಪ್ರಶ್ನೆಗೆ ಗದರಿಕೆ ಉತ್ತರವಾಗಲಾರದು. ಅದನ್ನು ವಿಚಾರದ ಒರೆಗಲ್ಲಿಗೆ ಹಚ್ಚಬೇಕು.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳೋಣ. ಅದೃಷ್ಟದ ಆಟವು ತನ್ನಷ್ಟಕ್ಕೆ ತಾನೇ ಅನ್ಯಾಯವೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಹಾಗೆ ಬೋಧಿಸಿದ್ದರೆ ನಮ್ಮ ಸಂಘಗಳ ವನಭೋಜನಗಳಲ್ಲಿ ಹೌಸಿ ಆಡಿಸುವಂತೆಯೂ ಇರಲಿಲ್ಲ, ಇಗರ್ಜಿಯ ಹಬ್ಬಕ್ಕೆ ಲಕ್ಕಿ ಡ್ರಾ ಚೀಟಿ ಮಾರುವಂತೆಯೂ ಇರಲಿಲ್ಲ. ಆದರೆ ತನ್ನ ಹಾಗೂ ತನ್ನವರ ಅಗತ್ಯಕ್ಕೆ ಬೇಕಾದುದನ್ನು ಆಟ ಕಸಿದುಕೊಂಡಾಗ, ಆಡುವವನನ್ನು ದಾಸನನ್ನಾಗಿ ಮಾಡಿಕೊಂಡಾಗ ಅದು ನೈತಿಕವಾಗಿ ಸಲ್ಲದು ಎಂಬುದು ಧರ್ಮೋಪದೇಶದ ಸ್ಪಷ್ಟ ನಿಲುವು. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ‘ಆಡಬಹುದೇ?’ ಎಂಬುದಷ್ಟೇ ಅಲ್ಲ. ‘ಆಟ ಏನನ್ನು ಕಸಿದುಕೊಳ್ಳುತ್ತಿದೆ, ಯಾರಿಂದ?’ ಎಂಬುದು.

ಸುರಕ್ಷಿತ ಎಂಬ ಪದಕ್ಕೆ ಇಲ್ಲಿ ಎರಡು ಅರ್ಥಗಳಿವೆ. ನಾವು ಕಟ್ಟಿದ ಹಣ ಕಳ್ಳರ ಪಾಲಾಗುವುದಿಲ್ಲ, ಗೆದ್ದರೆ ಹಣ ಕೈಸೇರುತ್ತದೆ ಎಂಬುದು ಮೊದಲನೆಯದು. ಆಡುವವನು ಕೆಡುವುದಿಲ್ಲ ಎಂಬುದು ಎರಡನೆಯದು. ಜಾಹೀರಾತುಗಳು ಮೊದಲನೆಯದನ್ನು ತೋರಿಸಿ ಎರಡನೆಯದನ್ನೂ ನಂಬಿಸುತ್ತವೆ. ಕೊಳವೆಯಲ್ಲಿ ಸೋರಿಕೆಯಿಲ್ಲ ಎಂದ ಮಾತ್ರಕ್ಕೆ ತೊಟ್ಟಿ ಬರಿದಾಗುವುದಿಲ್ಲ ಎಂದರ್ಥವಲ್ಲ. ಸೋರಿಕೆಯಿಲ್ಲದ ಕೊಳವೆಯಲ್ಲಿ ನೀರು ಇನ್ನೂ ಬೇಗ ಹರಿದುಹೋಗುತ್ತದೆ.

ಈ ಮಾತನ್ನು ಲೆಕ್ಕದಿಂದಲೇ ತೋರಿಸಬಹುದು. ಸಂಭವನೀಯತೆಯ ಗಣಿತ ಹುಟ್ಟಿದ್ದೇ ಜೂಜಿನ ಮೇಜಿನಿಂದ. ಅರ್ಧಕ್ಕೆ ನಿಂತ ಆಟದ ಪಣವನ್ನು ಹಂಚಿಕೊಳ್ಳುವುದು ಹೇಗೆಂಬ ಸಮಸ್ಯೆಯ ಕುರಿತು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಪತ್ರಗಳೇ ಅದಕ್ಕೆ ತಳಹದಿ. ನೂರಕ್ಕೆ 96 ಮರಳಿಸುವ ಸ್ಲಾಟ್ ಆಟವೊಂದನ್ನು ತೆಗೆದುಕೊಳ್ಳೋಣ. ಬ್ರಿಟಿಷ್ ನಿಯಮದಂತೆ ಒಂದು ಸುತ್ತಿಗೆ ಕನಿಷ್ಠ ಎರಡೂವರೆ ಸೆಕೆಂಡು ಹಿಡಿಯಬೇಕು. ಅಂದರೆ ನಿಮಿಷಕ್ಕೆ 24 ಸುತ್ತು, ಗಂಟೆಗೆ 1,440. ಸುತ್ತಿಗೆ ಎರಡು ಪೌಂಡ್ ಕಟ್ಟಿದರೆ ಗಂಟೆಯಲ್ಲಿ 2,880 ಪೌಂಡ್ ಪಣವಾಗುತ್ತದೆ. ನೂರಕ್ಕೆ ನಾಲ್ಕರಂತೆ ಸರಾಸರಿ ನಷ್ಟ 115 ಪೌಂಡಿಗೂ ಹೆಚ್ಚು. 2025ರ ಏಪ್ರಿಲ್‌ನಲ್ಲಿ ಆ ದೇಶದಲ್ಲಿ ವಯಸ್ಕರಿಗೆ ನಿಗದಿಯಾದ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್. ಎಂದಮೇಲೆ ಒಂದು ಗಂಟೆಯ ಆಟವು ಒಂಬತ್ತು ಗಂಟೆಗೂ ಮೀರಿದ ದುಡಿಮೆಯನ್ನು ನುಂಗುತ್ತದೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಯಂತ್ರ ನ್ಯಾಯವಾಗಿ ತಿರುಗಿದೆ, ಪಾವತಿ ಸುರಕ್ಷಿತವಾಗಿ ನಡೆದಿದೆ. ಆದರೂ ಊರಿನಲ್ಲಿರುವ ತಾಯಿಗೆ ಕಳುಹಿಸಬೇಕಾದ ಹಣ ಹೋಗಿದೆ.

ವೇಗವೇ ಇಲ್ಲಿನ ಮರ್ಮ. ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣಕ್ಕೆ ಮೂರು ಕ್ರಿಯೆಗಳಿವೆಯೆಂದು ವಿವರಿಸಿದ್ದಾರೆ: ಮೊದಲು ಆಲೋಚಿಸುವುದು, ಬಳಿಕ ತೀರ್ಮಾನಿಸುವುದು, ಕೊನೆಗೆ ಆ ತೀರ್ಮಾನವನ್ನು ಕಾರ್ಯಗತಗೊಳಿಸುವಂತೆ ಆಜ್ಞಾಪಿಸುವುದು. ಈ ಮೂರಕ್ಕೂ ಕಾಲಾವಕಾಶ ಬೇಕು. ಹಿಂದೆ ಜೂಜಾಡುವವನು ಮನೆಯಿಂದ ಹೊರಟು, ದಾರಿ ನಡೆದು, ಕಿಸೆಯಿಂದ ನೋಟು ತೆಗೆದು ಎಣಿಸಿ ಕೊಡಬೇಕಾಗಿತ್ತು. ಪ್ರತಿ ಹೆಜ್ಜೆಯೂ ಮನಸ್ಸಾಕ್ಷಿಗೆ ಮಾತನಾಡಲು ಸಿಕ್ಕ ಅವಕಾಶವಾಗಿತ್ತು. ಫೋನಿನ ಮೇಲೆ ಬೆರಳಿಟ್ಟೊಡನೆ ಹಣ ಹೋಗುವ ವ್ಯವಸ್ಥೆಯಲ್ಲಿ ಮೊದಲೆರಡು ಕ್ರಿಯೆಗಳಿಗೆ ಎಡೆಯೇ ಇಲ್ಲ. ಉಳಿಯುವುದು ಆಜ್ಞೆ ಮಾತ್ರ, ಅದನ್ನು ಕೊಡುವುದು ವಿವೇಕವಲ್ಲ, ಆಸೆ.

ಬ್ರಿಟನ್ ಇತ್ತೀಚಿನ ವರ್ಷಗಳಲ್ಲಿ ತಂದಿರುವ ನಿಯಮಗಳನ್ನು ಈ ಬೆಳಕಿನಲ್ಲಿ ನೋಡಿದರೆ ಅವುಗಳ ಸತ್ವ ತಿಳಿಯುತ್ತದೆ. ಹೆಚ್ಚಿನವು ಒಂದಲ್ಲ ಒಂದು ಬಗೆಯಲ್ಲಿ, ಆಸೆಗೂ ಪಾವತಿಗೂ ನಡುವೆ ಕಳೆದುಹೋಗಿದ್ದ ಆ ವಿರಾಮವನ್ನು ಮರಳಿ ತರುವ ಪ್ರಯತ್ನಗಳು. 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡಿನಿಂದ ಜೂಜಾಡುವುದನ್ನು ನಿಷೇಧಿಸಲಾಯಿತು. ಕ್ರೆಡಿಟ್ ಕಾರ್ಡಿನಿಂದ ತುಂಬಿಸಿದ ಇ-ವ್ಯಾಲೆಟ್ಟಿಗೂ ಅದು ಅನ್ವಯಿಸುತ್ತದೆ. ತನ್ನಲ್ಲಿಲ್ಲದ ಹಣವನ್ನು ಪಣಕ್ಕಿಡುವ ದಾರಿ ಅಷ್ಟರಮಟ್ಟಿಗೆ ಮುಚ್ಚಿತು. ಇನ್ನೊಂದು ಕುಟಿಲ ಪದ್ಧತಿಯಿತ್ತು. ಗೆದ್ದವನು ಹಣವನ್ನು ತನ್ನ ಬ್ಯಾಂಕಿಗೆ ಕಳುಹಿಸಲು ಕೋರಿದ ಮೇಲೂ ಕಂಪೆನಿ ಅದನ್ನು ತಡೆಹಿಡಿದು, ‘ಕೋರಿಕೆ ರದ್ದುಮಾಡಿ ಮತ್ತೆ ಆಡಿ’ ಎಂಬ ಗುಂಡಿಯನ್ನು ಕಣ್ಣ ಮುಂದಿಡುತ್ತಿತ್ತು. ಬಂದ ಹಣ ಕೈಸೇರುವ ಮೊದಲೇ ಮತ್ತೆ ಕರಗುತ್ತಿತ್ತು. 2021ರ ಅಕ್ಟೋಬರ್ 31ರಿಂದ ಅದನ್ನು ಶಾಶ್ವತವಾಗಿ ನಿಲ್ಲಿಸಲಾಯಿತು. ಸ್ಲಾಟ್ ಆಟಗಳು ತಾವಾಗಿಯೇ ತಿರುಗುತ್ತಿರುವಂತೆ ಮಾಡುವ ಸೌಲಭ್ಯವನ್ನೂ ಅಂದೇ ತೆಗೆದುಹಾಕಲಾಯಿತು.

2025ರಲ್ಲಿ ಪಣಕ್ಕೇ ಮಿತಿ ಬಂದಿತು: ಏಪ್ರಿಲ್ 9ರಿಂದ ಆನ್‌ಲೈನ್ ಸ್ಲಾಟ್ ಆಟದ ಒಂದು ಸುತ್ತಿಗೆ ಗರಿಷ್ಠ ಐದು ಪೌಂಡ್, ಮೇ 21ರಿಂದ 18ರಿಂದ 24 ವಯಸ್ಸಿನವರಿಗೆ ಎರಡು ಪೌಂಡ್. ಅದೇ ವರ್ಷದ ಫೆಬ್ರವರಿ ಕೊನೆಯಿಂದ, ಮೂವತ್ತು ದಿನಗಳಲ್ಲಿ ನಿವ್ವಳ 150 ಪೌಂಡಿಗಿಂತ ಹೆಚ್ಚು ತುಂಬಿದವನು ದಿವಾಳಿಯೋ ಸಾಲದ ತೀರ್ಪಿಗೆ ಗುರಿಯಾದವನೋ ಎಂದು ಸಾರ್ವಜನಿಕ ದಾಖಲೆಗಳಲ್ಲಿ ಕಂಪೆನಿಯೇ ಪರಿಶೀಲಿಸಬೇಕು. ‘ಬೋನಸ್’ ಎಂಬ ಬೆಲ್ಲಕ್ಕೂ ಕಡಿವಾಣ ಬಿದ್ದಿದೆ. ಐವತ್ತು ಪೌಂಡ್ ಬೋನಸ್ ಕೊಟ್ಟು ಅದರ ನಲವತ್ತು ಪಟ್ಟು ಆಡಿದ ಮೇಲೆಯೇ ಹಣ ತೆಗೆಯಬಹುದು ಎಂದರೆ 2,000 ಪೌಂಡ್ ಪಣ ಕಟ್ಟಬೇಕು. ಮೇಲಿನ ಲೆಕ್ಕದಂತೆ ಅದರಲ್ಲಿ 80 ಪೌಂಡ್ ನಷ್ಟ. ಐವತ್ತು ಪಡೆಯಲು ಎಂಬತ್ತು ಕೊಡುವ ಈ ವ್ಯಾಪಾರಕ್ಕೆ 2026ರ ಜನವರಿ 19ರಿಂದ ಹತ್ತು ಪಟ್ಟಿನ ಮಿತಿ ಹಾಕಲಾಗಿದೆ.

ಇವೆಲ್ಲ ಶ್ಲಾಘನೀಯ. ಆದರೆ ಕಾನೂನಿನ ಕಾವಲು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಅರಿಯಬೇಕು. ಜೂಜಿನ ಖಾತೆಯಲ್ಲಿಟ್ಟ ಹಣ ಬ್ಯಾಂಕಿನ ಠೇವಣಿಯಂತಲ್ಲ. ಕಂಪೆನಿ ಮುಳುಗಿದರೆ ಗಿರಾಕಿಯ ಹಣಕ್ಕೆ ಎಷ್ಟು ರಕ್ಷಣೆಯಿದೆ ಎಂಬುದನ್ನು ‘ಇಲ್ಲ’, ‘ಮಧ್ಯಮ’, ‘ಉನ್ನತ’ ಎಂಬ ಮೂರು ದರ್ಜೆಗಳಲ್ಲಿ ತಿಳಿಸುವುದಷ್ಟೇ ಕಡ್ಡಾಯ. ರಕ್ಷಣೆಯೇ ಇಲ್ಲದ ದರ್ಜೆಯೂ ಕಾನೂನುಬದ್ಧವೇ. ಸರಕಾರವೂ ಈ ವ್ಯವಹಾರದಲ್ಲಿ ಪೂರ್ಣ ತಟಸ್ಥವಲ್ಲ. ಆನ್‌ಲೈನ್ ಕ್ಯಾಸಿನೊಗಳ ಆದಾಯದ ಮೇಲೆ ನೂರಕ್ಕೆ 21ರಷ್ಟಿದ್ದ ಸುಂಕವನ್ನು 2026ರ ಏಪ್ರಿಲ್‌ನಿಂದ 40ಕ್ಕೆ ಏರಿಸುವುದೆಂದು 2025ರ ನವೆಂಬರ್ ಬಜೆಟ್ಟಿನಲ್ಲಿ ಘೋಷಿಸಲಾಯಿತು. ಸೋತವರ ಹಣದಲ್ಲಿ ಪಾಲಿರುವ ಕಾವಲುಗಾರನು ಎಷ್ಟೇ ಸಜ್ಜನನಾದರೂ, ಮನೆಯ ಕಾವಲನ್ನು ಸಂಪೂರ್ಣವಾಗಿ ಅವನಿಗೇ ಬಿಟ್ಟುಬಿಡುವುದು ಜಾಣತನವಲ್ಲ.

ಪರವಾನಗಿಯಿಲ್ಲದ ತಾಣಗಳ ಅಪಾಯವಂತೂ ಬೇರೆಯೇ. ಮೇಲೆ ಹೇಳಿದ ಒಂದು ನಿಯಮವನ್ನೂ ಪಾಲಿಸದ ಅವು ಕ್ರೆಡಿಟ್ ಕಾರ್ಡನ್ನು ಒಪ್ಪುತ್ತವೆ, ಕ್ರಿಪ್ಟೊ ಹಣವನ್ನು ಒಪ್ಪುತ್ತವೆ, ಜೂಜು ಬಿಡಲು ಹೆಸರು ನೋಂದಾಯಿಸಿಕೊಂಡವರನ್ನೇ ಹುಡುಕಿ ಕರೆಯುತ್ತವೆ. ಕೊಂಡಿಯಿಂದ ತಪ್ಪಿಸಿಕೊಂಡ ಮೀನಿಗೆ ಮತ್ತೊಮ್ಮೆ ಗಾಳ ಹಾಕಿದಂತೆ ಇದು. ಅಲ್ಲಿ ಗೆದ್ದ ಹಣ ಬಾರದಿದ್ದರೆ ದೂರಲು ಬಾಗಿಲೇ ಇಲ್ಲ. ನಮ್ಮ ದೇಶ ಬೇರೊಂದು ಹಾದಿ ಹಿಡಿದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಒಂದು ದೇಶ ಬಾಗಿಲಿಗೆ ಕಾವಲಿಟ್ಟಿತು, ಇನ್ನೊಂದು ಬಾಗಿಲನ್ನೇ ಮುಚ್ಚಹೊರಟಿತು. ಯಾವುದು ಲೇಸೆಂಬ ಚರ್ಚೆ ಸಾಗಲಿ. ಎರಡೂ ಕಡೆ ಕಾನೂನು ತಲುಪಲಾರದ ಒಳಕೋಣೆಯೊಂದಿದೆ. ಅಲ್ಲಿಗೆ ಹೋಗಬಲ್ಲವರು ಮನೆಯವರು ಮಾತ್ರ.

ದಾದಿಯರ ಪಾಲಕ ಸಂತರಾದ ಕಮಿಲ್ಲಸ್ ದೆ ಲೆಲ್ಲಿಸ್ ಯೌವನದಲ್ಲಿ ಕಡು ಜೂಜುಗಾರರಾಗಿದ್ದರು ಎಂಬುದನ್ನು ನಮ್ಮ ಮಕ್ಕಳಿಗೆ ತಿಳಿಸಿದ್ದೇವೆಯೇ? ಸಿಪಾಯಿಯಾಗಿ ದುಡಿದುದನ್ನೆಲ್ಲ ಪಣದಲ್ಲಿ ಕಳೆದುಕೊಂಡರು. ರೋಮಿನ ಆಸ್ಪತ್ರೆಯೊಂದರಲ್ಲಿ ಸಿಕ್ಕಿದ್ದ ಕೆಲಸವನ್ನೂ ಇಸ್ಪೀಟಿನ ಚಟ ಬಿಡಿಸಿತು. ಬರಿಗೈಯಾಗಿ ಕಪುಚಿನ್ ಮಠದ ಕಟ್ಟಡದ ಕೆಲಸಕ್ಕೆ ಸೇರಿದಾಗ, ಅಲ್ಲಿನ ಸನ್ಯಾಸಿಯೊಬ್ಬರು ಅವರೊಡನೆ ಕುಳಿತು ಮಾತನಾಡಿದರು. 1575ರಲ್ಲಿ ಅವರ ಬಾಳು ತಿರುಗಿತು. ಕೆಲಸ ಕಳೆದುಕೊಂಡ ಅದೇ ಆಸ್ಪತ್ರೆಗೆ ಮುಂದೆ ಅವರೇ ಮೇಲ್ವಿಚಾರಕರಾದರು. ಜೂಜುಗಾರನಿಗೆ ಮರಳುವ ದಾರಿಯಿದೆ, ಆದರೆ ಆ ದಾರಿಯಲ್ಲಿ ಇನ್ನೊಬ್ಬ ಮನುಷ್ಯನು ಎದುರಾಗಬೇಕು ಎಂಬುದನ್ನು ಅವರ ಚರಿತ್ರೆ ಸಾರುತ್ತದೆ.

ಆದುದರಿಂದ ಬ್ರಿಟನ್ನಿನಲ್ಲಿ ಮಕ್ಕಳಿರುವ ತಂದೆತಾಯಿಯರಲ್ಲಿ ನಮ್ಮ ಅರಿಕೆ ಇಷ್ಟೇ. ಮಗನ ಹಣ ಬರುವುದು ತಡವಾದರೆ, ಕಾರಣಗಳು ತಿಂಗಳಿಗೊಂದರಂತೆ ಬದಲಾದರೆ, ಕೋಪಿಸಿಕೊಳ್ಳುವ ಮೊದಲು ಕೇಳಿ. ಅವನು ಸಿಕ್ಕಿಬಿದ್ದಿದ್ದರೆ ಅಲ್ಲಿ ಅವನಿಗೆ ಬಾಗಿಲುಗಳಿವೆ. ಗ್ಯಾಮ್‌ಸ್ಟಾಪ್ ಎಂಬ ಉಚಿತ ಯೋಜನೆಯಲ್ಲಿ ಹೆಸರು ನೋಂದಾಯಿಸಿದರೆ ಪರವಾನಗಿಯುಳ್ಳ ಎಲ್ಲ ಆನ್‌ಲೈನ್ ತಾಣಗಳೂ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಅವನಿಗೆ ಮುಚ್ಚಿಹೋಗುತ್ತವೆ. ಆಯ್ದುಕೊಂಡ ಅವಧಿ ತೀರುವ ಮೊದಲು ತೆರೆಯಲಾಗದು. ಅಲ್ಲಿನ ಅನೇಕ ಬ್ಯಾಂಕುಗಳು ಜೂಜಿನ ಪಾವತಿಯನ್ನೇ ತಡೆಯುವ ಏರ್ಪಾಡನ್ನು ತಮ್ಮ ಆ್ಯಪ್‌ನಲ್ಲಿ ಕೊಟ್ಟಿವೆ; ಒಮ್ಮೆ ಹಾಕಿದ ತಡೆಯನ್ನು ತೆಗೆಯಬೇಕಾದರೆ ಎರಡು ಮೂರು ದಿನ ಕಾಯಿಸುವ ಬ್ಯಾಂಕುಗಳೂ ಇವೆ. ಲಂಡನ್ನಿನಲ್ಲಿ 2008ರಲ್ಲಿ ಆರಂಭವಾದ ಜೂಜಿನ ಚಟದ ಚಿಕಿತ್ಸಾಲಯದ ಮಾದರಿಯಲ್ಲಿ ಇಂಗ್ಲೆಂಡಿನ ಇತರ ಭಾಗಗಳಲ್ಲಿಯೂ ಸರಕಾರಿ ಆರೋಗ್ಯ ಸೇವೆಯ ಚಿಕಿತ್ಸಾಲಯಗಳಿವೆ. ಗ್ಯಾಮ್‌ಕೇರ್ ಸಂಸ್ಥೆಯ ಸಹಾಯವಾಣಿಯು ಹಗಲಿರುಳೂ ಉಚಿತ. ಮನೆಯವರೂ ಅದಕ್ಕೆ ಕರೆ ಮಾಡಬಹುದು.

ಎಲ್ಲಕ್ಕಿಂತ ಮೊದಲ ಕೆಲಸ ನಾಚಿಕೆಯ ಗೋಡೆಯನ್ನು ಕೆಡವುವುದು. ಸಾಲ ಬೆಟ್ಟವಾಗುವವರೆಗೆ ಮಗ ಬಾಯಿಬಿಡದಿರುವುದು ಬಹುತೇಕ ಹಣದ ಭಯದಿಂದಲ್ಲ, ನಮ್ಮ ಮುಖದ ಭಯದಿಂದ. ವಿಮಾನ ಹತ್ತಿಸುವಾಗ ಉಪ್ಪಿನಕಾಯಿಯ ಭರಣಿಯ ಜೊತೆಗೆ ‘ಏನೇ ಆದರೂ ಮೊದಲು ನಮಗೆ ಹೇಳು’ ಎಂಬ ಮಾತೊಂದನ್ನೂ ಕಟ್ಟಿಕೊಟ್ಟರೆ, ಯಾವ ಕಮಿಷನ್ನೂ ಕೊಡಲಾರದ ಸುರಕ್ಷೆಯನ್ನು ನಾವು ಅವನಿಗೆ ಕೊಟ್ಟಂತಾಗುತ್ತದೆ.