ಜಾತ್ರೆಗೆ ಬರುತ್ತೀಯಾ ಎಂದು ಕೇಳಿದರೆ

ಮಾರ್ಚ್ ನಡುವೆ ಮೀನ ಸಂಕ್ರಮಣದ ಹೊತ್ತಿಗೆ ಕೊಡಿ ಏರಿತೆಂದರೆ ಪೊಳಲಿಯಲ್ಲಿ ತಿಂಗಳಿಡೀ ಜಾತ್ರೆ. ಚೆಂಡು ಯಾವಾಗ ಎಂದು ಮಕ್ಕಳು ದಿನ ಎಣಿಸುತ್ತಾರೆ. ಬರುವಾಗ ಬಚ್ಚಂಗಾಯಿ ತರಲು ಮರೆಯಬೇಡಿ ಎಂದು ಹಿರಿಯರು ನೆನಪಿಸುತ್ತಾರೆ.

ಆ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗನಿಗೆ ಇಪ್ಪತ್ತೆರಡು ವರ್ಷ. ಸ್ಕಿಜೋಫ್ರೀನಿಯಾಕ್ಕೆ ಚಿಕಿತ್ಸೆ ನಡೆಯುತ್ತಿದೆ. ಯಾರೂ ಇಲ್ಲದಿದ್ದರೂ ಕೇಳಿಸುತ್ತಿದ್ದ ಮಾತುಗಳು ಮಾತ್ರೆಯಿಂದ ನಿಂತಿವೆ. ಆದರೆ "ಚೆಂಡು ನೋಡಲು ಬರ್ತೀಯಾ ಮಗಾ?" ಎಂದರೆ "ಬೇಡಮ್ಮ" ಎಂದು ಗೋಡೆಯತ್ತ ತಿರುಗುತ್ತಾನೆ. "ಇವನಿಗೆ ಯಾವುದರಲ್ಲೂ ಖುಷಿಯಿಲ್ಲ, ಬರೀ ಸೋಮಾರಿ" ಎಂದು ಅಪ್ಪನ ತೀರ್ಪು. ಮರುದಿನ ತಂಗಿ ಬಚ್ಚಂಗಾಯಿಯ ಹೋಳು ಕೈಗಿತ್ತರೆ ತಿಂದು, ಇನ್ನೊಂದಕ್ಕೆ ಕೈ ಚಾಚುತ್ತಾನೆ! ಹಾಗಾದರೆ ಅವನ ಖುಷಿ ಎಲ್ಲಿ ಹೋಗಿತ್ತು?

ಮನೋವಿಜ್ಞಾನಿಗಳನ್ನೂ ಕಾಡಿದ ಪ್ರಶ್ನೆಯಿದು. ಖುಷಿ ಅಳೆಯಲು ಥರ್ಮಾಮೀಟರ್ ಇಲ್ಲ, ಪ್ರಶ್ನೆಗಳೇ ಅಳತೆಗೋಲು. 1976ರಲ್ಲಿ ಅಮೆರಿಕದ ಚಾಪ್‌ಮನ್ ದಂಪತಿ ಮತ್ತು ಸಹೋದ್ಯೋಗಿ ರಾಲಿನ್ 'ಸರಿ–ತಪ್ಪು' ಎಂದು ಉತ್ತರಿಸುವ ಪ್ರಶ್ನಾವಳಿ ರಚಿಸಿದರು. ಇಂಥ ಪ್ರಶ್ನಾವಳಿಗಳಲ್ಲಿ ಸ್ಕಿಜೋಫ್ರೀನಿಯಾ ಇರುವವರು ತಮಗೆ ಸಂತೋಷ ಕಡಿಮೆ ಎಂದೇ ಬರೆಯುತ್ತಿದ್ದರು. ಆದರೆ ಸಿನಿಮಾ ತುಣುಕು ತೋರಿಸಿ ಆ ಕ್ಷಣವೇ ಕೇಳಿದರೆ, ಬಹಳಷ್ಟು ಪ್ರಯೋಗಗಳಲ್ಲಿ ಅವರ ಉತ್ತರ ಉಳಿದವರ ಉತ್ತರದ ಹತ್ತಿರವೇ ಇತ್ತು!

ಈ ಒಗಟು ಬಿಡಿಸಲು 2006ರಲ್ಲಿ ಗಾರ್ಡ್, ಕ್ರಿಂಗ್ ಮತ್ತು ಸಂಗಡಿಗರು 18 ವಾಕ್ಯಗಳ ಹೊಸ ಅಳತೆಗೋಲು ಮಾಡಿದರು. ಅದರಲ್ಲಿ 10 ವಾಕ್ಯಗಳು ಮುಂದೆ ಬರಲಿರುವ ಸಂತೋಷದ ನಿರೀಕ್ಷೆಯನ್ನೂ, 8 ವಾಕ್ಯಗಳು ಆ ಕ್ಷಣದ ಸವಿಯನ್ನೂ ಅಳೆಯುತ್ತವೆ. ಮರುವರ್ಷ ಪ್ರಕಟವಾದ ಅವರ ಅಧ್ಯಯನದಲ್ಲಿ ಕುಂದಿದ್ದದ್ದು ನಿರೀಕ್ಷೆ, ಸವಿಯಲ್ಲ. ಮುಂದಿನ ಎಲ್ಲ ಅಧ್ಯಯನಗಳೂ ಇದನ್ನೇ ಹೇಳಿಲ್ಲ. ಖಿನ್ನತೆ, ಔಷಧದ ಮಂಪರು ಕೂಡ ಉತ್ತರವನ್ನು ಬದಲಿಸಬಹುದು. 2013ರಲ್ಲಿ ಬಂದ ಇನ್ನೊಂದು ಅಳತೆಗೋಲಿನಲ್ಲಿ, ತರಬೇತಾದವರು ಎದುರು ಕುಳಿತು, ಕಳೆದ ವಾರ ಏನು ಖುಷಿ ಕೊಟ್ಟಿತು, ಬರುವ ವಾರ ಏನು ಖುಷಿ ಕೊಡಬಹುದು ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ.

ತಂದೆ ತಾಯಿಯರೇ, ಇದರಲ್ಲಿ ನಿಮಗೊಂದು ಪಾಠವಿದೆ. ಜಾತ್ರೆಗೆ "ಬರ್ತೀಯಾ?" ಎಂಬುದು ನಿರೀಕ್ಷೆಯನ್ನು ಅಳೆಯುವ ಪ್ರಶ್ನೆ. ಅವನಿಗೆ ಕಷ್ಟವಾಗಿರುವುದು ಅದೇ ಇರಬಹುದು. "ಬೇಡ" ಎಂದರೆ ಸೋಮಾರಿಯೆಂದು ಬೈಯಬೇಡಿ, ಎಳೆದೊಯ್ಯಲೂ ಬೇಡಿ. "ಸಂಜೆ ಐದಕ್ಕೆ ಹೋಗಿ ಆರೂವರೆಗೆ ಬಂದುಬಿಡೋಣ, ನಾನು ಜೊತೆಗಿರ್ತೇನೆ" ಎನ್ನಿ. ಹೋಗಿ ಬಂದ ಮೇಲೆ ಯಾವುದು ಇಷ್ಟವಾಯಿತೆಂದು ಕೇಳಿ. ಮುಂದಿನ ಸಲ ಅದನ್ನೇ ನೆನಪಿಸಿ.

ವಿದ್ಯಾರ್ಥಿಗಳೇ, ಪರೀಕ್ಷೆ ಮುಗಿದ ಮೇಲೆ ನಾಲ್ಕು ದಿನ ಮಂಕಾಗಿದ್ದರೆ ಅದು ಸ್ಕಿಜೋಫ್ರೀನಿಯಾ ಅಲ್ಲ. ಆದರೆ ಗೆಳೆಯನೊಬ್ಬ ವಾರಗಟ್ಟಲೆ ಯಾರನ್ನೂ ಸೇರದೆ, ಓದು ಸ್ನಾನ ಎಲ್ಲವನ್ನೂ ಬಿಟ್ಟು ಕುಳಿತಿದ್ದರೆ ನಗಬೇಡಿ. ಅವನ ಮನೆಯವರಿಗೆ ತಿಳಿಸಿ. ವೈದ್ಯರ ಬಳಿ ಹೋಗುವುದಕ್ಕೆ ಮುಂಚೆ ಮಾತಾಡಬೇಕೆನಿಸಿದರೆ, 2022ರಲ್ಲಿ ಆರಂಭವಾದ ಸರ್ಕಾರದ ಉಚಿತ ದೂರವಾಣಿ ಸೇವೆ ಟೆಲಿ ಮಾನಸ್‌ನ ಸಂಖ್ಯೆ 14416.

ಬಚ್ಚಂಗಾಯಿಯ ಎರಡನೆಯ ಹೋಳಿಗೆ ಚಾಚಿದ ಆ ಕೈಯನ್ನು ಮಾತ್ರ ಮರೆಯಬೇಡಿ. ವೈದ್ಯರನ್ನು ಕಂಡಾಗ ಅದನ್ನೂ ಹೇಳಿ.