ಕಟ್ಟಿದ ಅಲ್ಲ, ಕಟ್ಟಿಸಿದ

1/8
ಹೋದ ವಾರ ಒಂದು ರೀಲ್ ನಿಮ್ಮ ಫೀಡಿಗೂ ಬಂದಿರಬಹುದು. ಡ್ರೋನ್ ಶಾಟ್, ನೀಲಿ ಸಮುದ್ರ, ಅದರ ಅಂಚಿಗೆ ಇಟಲಿಯ ಅರಮನೆ ಥರದ ಮನೆ, ಹಿಂದೆ ಪಿಯಾನೋ. ವಾಯ್ಸ್ ಓವರ್ ಕನ್ನಡದಲ್ಲೇ. ಅಮೆರಿಕದ ಮಯಾಮಿಯಲ್ಲಿ ಜೇಮ್ಸ್ ಡೀರಿಂಗ್ ಎಂಬ ಶ್ರೀಮಂತ ತನ್ನ ಕನಸಿನಂತೆ "ಕಟ್ಟಿದ" ವಿಜ್ಕಾಯಾ, ಈಗ ಮ್ಯೂಸಿಯಂ, ಸಾಯೋದರೊಳಗೆ ಒಮ್ಮೆ ನೋಡಿ ಅಂತ. ಕೆಳಗೆ ಸಾವಿರಾರು ಹಾರ್ಟು.

ನಾನೂ ಲೈಕ್ ಒತ್ತಿದೆ, ಸುಳ್ಳು ಹೇಳಲ್ಲ. ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ. ಆಮೇಲೆ ಆ ಒಂದು ಪದ ಚುಚ್ಚೋಕೆ ಶುರುವಾಯ್ತು. ಕಟ್ಟಿದ? ಇಂಗ್ಲಿಷ್‌ನವರು ಯಾರು ಕಟ್ಟಿದರು, ಯಾರು ಕಟ್ಟಿಸಿದರು ಅನ್ನೋದಕ್ಕೆ ಒಂದೇ 'ಬಿಲ್ಟ್' ಅಂತಾರೆ, ಅದು ಅವರ ಕರ್ಮ. ನಮಗೆ ಆ ದರಿದ್ರ ಇಲ್ಲ. ನಮ್ಮ ಅಜ್ಜಿಯಂದಿರು ಶಾಲೆಗೆ ಹೋಗದೇನೂ ಊರಗೌಡ ಕೆರೆ ಕಟ್ಟಿಸಿದ, ಒಡ್ಡರು ಕೆರೆ ಕಟ್ಟಿದರು ಅಂತ ಬೇರೆ ಬೇರೆ ಹೇಳ್ತಿದ್ದರು. ನಾವು ಡಿಗ್ರಿ ಓದಿಕೊಂಡು ಆ ವ್ಯತ್ಯಾಸ ಮರೆತಿದ್ದೀವಿ.

ಅದಕ್ಕೇ ಈ ಸರಣಿ. ಎಂಟು ಪೋಸ್ಟ್. ನಾನು ಮಯಾಮಿಗೆ ಹೋಗಿಲ್ಲ, ಪಾಸ್‌ಪೋರ್ಟೇ ಇಲ್ಲ. ಓದಿದ್ದನ್ನು ಬರೀತಿದ್ದೀನಿ. ಜಗಳಕ್ಕೆ ಬರೋರು ಎಂಟೂ ಓದಿ ಬನ್ನಿ.

2/8
ಮೊದಲು ದುಡ್ಡು ಎಲ್ಲಿಂದ ಬಂತು ಅಂತ. ಬಿಕಾಂ ಅಭ್ಯಾಸ, ಬಿಡಲ್ಲ.

ಡೀರಿಂಗ್ ಕುಟುಂಬದ ಕಂಪನಿ ಪೈರು ಕೊಯ್ಯುವ ಯಂತ್ರ ಮಾಡುತ್ತಿತ್ತು. 1902ರಲ್ಲಿ ಅದು ಎದುರಾಳಿ ಮೆಕಾರ್ಮಿಕ್ ಕಂಪನಿ ಜೊತೆ ಸೇರಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಆಯ್ತು. ಸೇರಿಸಿದ್ದು ಜೆ.ಪಿ. ಮೋರ್ಗನ್ ಬ್ಯಾಂಕ್. ಜೇಮ್ಸ್ ಅದರಲ್ಲಿ ವೈಸ್ ಪ್ರೆಸಿಡೆಂಟ್. ಮದುವೆಯಾಗಿರಲಿಲ್ಲ, ಆರೋಗ್ಯ ಅಷ್ಟಕ್ಕಷ್ಟೇ, ಚಳಿಗಾಲ ಕಳೆಯೋಕೆ ಬೆಚ್ಚಗಿನ ಜಾಗ ಬೇಕಿತ್ತು. ಬಿಸ್ಕೇನ್ ಕೊಲ್ಲಿಯ ದಡದಲ್ಲಿ 180 ಎಕರೆ. 1914ರಲ್ಲಿ ಕೆಲಸ ಶುರು, 1916ರ ಕ್ರಿಸ್ಮಸ್ ದಿನ ಗೃಹಪ್ರವೇಶ. ತೋಟ ಮುಗಿಯೋಕೆ 1922ರ ಹೊತ್ತಾಯ್ತು.

ಅಂದ್ರೆ ಇದು ಒಬ್ಬ ಮನುಷ್ಯನ ಚಳಿಗಾಲದ ಮನೆ. ವರ್ಷಕ್ಕೆ ಕೆಲವು ತಿಂಗಳು. 1925ರಲ್ಲಿ ಹಡಗಿನಲ್ಲಿ ಪ್ರಯಾಣ ಮಾಡುವಾಗ ಆತ ತೀರಿಕೊಂಡ. ಪೂರ್ತಿ ಮುಗಿದ ಮನೆ-ತೋಟ ಅವನಿಗೆ ಸಿಕ್ಕಿದ್ದು ಕೈಬೆರಳೆಣಿಕೆಯ ಚಳಿಗಾಲ. ನಾಲ್ಕು ಜನ ನೆಂಟರು ಬಂದು ಹೋಗೋಕೆ ಇಷ್ಟೆಲ್ಲಾ. ಇರ್ಲಿ, ಅವನ ದುಡ್ಡು.

3/8
ಈಗ ಮನೆ. ಇದನ್ನು ಬೈಯೋಕೆ ಬಂದವಳು ಹೊಗಳದೇ ಮುಂದೆ ಹೋಗಕ್ಕಾಗ್ತಿಲ್ಲ.

ಹೊರಗಿಂದ ಹಳೇ ಇಟಲಿ, ಒಳಗೆ ಕಾಂಕ್ರೀಟು. ನಮ್ಮ ತೊಟ್ಟಿಮನೆ ಥರ ನಡುವೆ ಆಕಾಶಕ್ಕೆ ತೆರೆದ ಅಂಗಳ, ಕೊಲ್ಲಿಯ ಗಾಳಿ ಆಡಲಿ ಅಂತ. (1986ರಲ್ಲಿ ಅದರ ಮೇಲೆ ಗಾಜು ಹಾಕಿದರು, ಒಳಗಿನ ಸಾಮಾನು ಉಪ್ಪುಗಾಳಿಗೆ ಹಾಳಾಗ್ತಿತ್ತು.) ಮನೆಯ ಮುಖ ರಸ್ತೆಗಿಲ್ಲ, ನೀರಿಗಿದೆ. ಅತಿಥಿಗಳು ದೋಣಿಯಲ್ಲಿ ಬರಬೇಕು. ದಡದ ಮುಂದೆ ಅಲೆ ತಡೆಯೋಕೆ ಹಡಗಿನ ಆಕಾರದ ಕಲ್ಲಿನ ಕಟ್ಟೆ, ಅದರ ಶಿಲ್ಪಗಳು ಅಲೆಕ್ಸಾಂಡರ್ ಸ್ಟರ್ಲಿಂಗ್ ಕಾಲ್ಡರ್ ಅವರದು. ಯುರೋಪಿನ ಹಳೇ ಮನೆಗಳಿಂದ ಬಾಗಿಲು, ಚಾವಣಿ, ಬೆಂಕಿಗೂಡು ಕೊಂಡು ತಂದು, ಆ ಅಳತೆಗೆ ಕೋಣೆ ಎಬ್ಬಿಸಿದರು. ತೋಟದಲ್ಲಿರೋ ಒಂದು ಕಾರಂಜಿ ಇಟಲಿಯ ಬಸ್ಸಾನೊ ದಿ ಸೂತ್ರಿ ಎಂಬ ಊರಿಂದ ಬಂದದ್ದು. ಇಷ್ಟರ ಒಳಗೆ ಲಿಫ್ಟು, ಟೆಲಿಫೋನು, ಗೋಡೆಯೊಳಗೇ ಕೂಡಿಸಿದ ವ್ಯಾಕ್ಯೂಮ್ ಕ್ಲೀನರು. 1916ರಲ್ಲಿ!

ಅವರ ಐಡಿಯಾ ಏನಿತ್ತು ಗೊತ್ತಾ? ನಾನೂರು ವರ್ಷದಿಂದ ಒಂದೇ ವಂಶ ಇಲ್ಲಿ ವಾಸ ಮಾಡಿಕೊಂಡು, ತಲೆಮಾರಿಗೊಂದು ರಿಪೇರಿ ಮಾಡಿಸಿಕೊಂಡು ಬಂದಿದೆ ಅನ್ನೋ ಹಾಗೆ ಕಾಣಬೇಕು. ಹೊಸ ಮನೆಗೆ ಬೇಕಂತಲೇ ವಯಸ್ಸು ಹಚ್ಚಿದರು.

ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಡೆಯದ ನಾನೂರು ವರ್ಷಕ್ಕೆ ಚರಿತ್ರೆ ಸಿಕ್ತು.

4/8
ತೋಟದ ಫೋಟೋ. ಇದು ನನ್ನ ಫೇವರಿಟ್. ಬೀಸಣಿಗೆ ಬಿಚ್ಚಿದ ಹಾಗೆ ಮನೆಯ ಬುಡದಿಂದ ಹರಡಿಕೊಂಡು ಹೋಗುತ್ತೆ.

ಮಾಡಿದ್ದು ಡಿಯೆಗೊ ಸ್ವಾರೆಜ್, ಕೊಲಂಬಿಯಾದವರು, ಫ್ಲಾರೆನ್ಸ್‌ನಲ್ಲಿ ಕಲಿತವರು. ಜಾಗ ನೋಡದೇ ಮೊದಲು ಒಂದು ನಕ್ಷೆ ಬರೆದಿದ್ದರು. ಮಯಾಮಿಗೆ ಬಂದು ಮನೆಯ ದಕ್ಷಿಣದ ಜಗಲಿ ಮೇಲೆ ನಿಂತರೆ ಎದುರಿನ ನೀರಿಂದ ಬಿಸಿಲು ಕಣ್ಣಿಗೆ ರಾಚುತ್ತಿದೆ. ಫ್ಲಾರೆನ್ಸಿನ ಬಿಸಿಲಲ್ಲ ಇದು. ನಕ್ಷೆ ಬದಲಾಯಿಸಿದರು. ತೋಟದ ತುದಿಯಲ್ಲಿ ಒಂದು ದಿಬ್ಬ ಎಬ್ಬಿಸಿ, ಮೇಲೆ ಮರ, ಒಂದು ಪುಟ್ಟ ಮನೆ. ಕಣ್ಣು ಕೋರೈಸುವ ನೀರು ಮರೆಯಾಯ್ತು, ನೋಟಕ್ಕೆ ಒಂದು ಕೊನೆ ಸಿಕ್ತು. ಎಷ್ಟು ಸರಳ, ಎಷ್ಟು ಚಂದ.

ಆದ್ರೆ "ದಿಬ್ಬ ಎಬ್ಬಿಸಿ" ಅಂತ ನಾನು ಎರಡು ಪದದಲ್ಲಿ ಮುಗಿಸಿಬಿಟ್ಟೆ ನೋಡಿ. ಹವಳಗಲ್ಲಿನ ನೆಲ, ಸುತ್ತ ಕಾಂಡ್ಲಾ ಕಾಡು, ಸೊಳ್ಳೆ, ಆ ಬಿಸಿಲು. ಮಣ್ಣು ಹೊತ್ತವರು ಯಾರು?

ಇನ್ನೊಂದು ತಮಾಷೆ. ಈ ಮನೆ-ತೋಟದ ಕೀರ್ತಿ ಯಾರಿಗೆ ಅಂತ ವರ್ಷಗಟ್ಟಲೆ ಜಗಳ ಇತ್ತು. ಕಲಾ ನಿರ್ದೇಶಕ ಪಾಲ್ ಚಾಲ್ಫಿನ್ ಎಲ್ಲಾ ತನ್ನದೇ ಅನ್ನುತ್ತಿದ್ದರು. ಆರ್ಕಿಟೆಕ್ಟ್ ಬರೆಲ್ ಹಾಫ್‌ಮನ್‌ಗೂ ಸ್ವಾರೆಜ್‌ಗೂ ಸಿಗಬೇಕಾದ ಹೆಸರು ಸಿಕ್ಕಿದ್ದು ತುಂಬಾ ತಡವಾಗಿ. ಜಗಳ ಆಡೋಕೂ ಮೂವರಿಗೇ ಅವಕಾಶ. ಮಣ್ಣು ಹೊತ್ತವರು ಆ ಜಗಳದ ಲಿಸ್ಟಿನಲ್ಲೂ ಇಲ್ಲ.

5/8
ಈಗ ಅಸಲು ವಿಷಯ.

ಕೆಲಸ ಜೋರಾಗಿ ನಡೆಯುವಾಗ ಇಲ್ಲಿ ಸುಮಾರು 1,000 ಜನ ದುಡಿಯುತ್ತಿದ್ದರು. ಆಗ ಮಯಾಮಿಯ ಜನಸಂಖ್ಯೆಯೇ ಸುಮಾರು 10,000. ಊರಿನ ಹತ್ತರಲ್ಲಿ ಒಂದು ಪಾಲಿನಷ್ಟು ಜನ ಒಬ್ಬನ ಚಳಿಗಾಲದ ಮನೆಗೆ! ಯುರೋಪಿನಿಂದ ಬಂದ ಕುಶಲಕರ್ಮಿಗಳಿದ್ದರು. ಆದರೆ ಬಹಳ ದೊಡ್ಡ ಪಾಲು ಬಹಾಮಾ ದ್ವೀಪಗಳಿಂದ ಬಂದ ಕಪ್ಪು ಜನಾಂಗದವರದು. ಪಕ್ಕದ ಕೋಕೋನಟ್ ಗ್ರೋವ್‌ನಲ್ಲಿ ಅವರು 1880ರ ದಶಕದಿಂದಲೇ ನೆಲೆಸಿದ್ದರು.

ಅವರು ಬರೀ ತೋಳ್ಬಲ ಅಲ್ಲ, ಇದನ್ನು ಅಂಡರ್‌ಲೈನ್ ಮಾಡಿ. ಬಹಾಮಾದ ನೆಲವೂ ಇದೇ ಥರ ಸುಣ್ಣಗಲ್ಲು, ಹವಳಗಲ್ಲು. ಅದನ್ನು ಹೇಗೆ ಒಡೀಬೇಕು, ಹೇಗೆ ಕೂರಿಸಬೇಕು, ಅಂಥ ಕಲ್ಲುನೆಲದಲ್ಲಿ ಗಿಡ ಹೇಗೆ ಬದುಕಿಸಬೇಕು ಅಂತ ಅವರಿಗೆ ಗೊತ್ತಿತ್ತು. ಫ್ಲಾರೆನ್ಸಿನಲ್ಲಿ ಕಲಿತವರಿಗೆ ಗೊತ್ತಿರಲಿಲ್ಲ. ಇಟಲಿಯ ತೋಟ ಮಯಾಮಿಯ ಬಂಡೆ ಮೇಲೆ ಹಸಿರಾಗಿದ್ದು ಈ ಕೈಗಳಿಂದ.

ಈ ಜನಕ್ಕೆ ಆ ಊರು ಏನು ಕೊಡ್ತು? 1896ರಲ್ಲಿ ಮಯಾಮಿಯನ್ನು ನಗರ ಮಾಡೋಕೆ ಸಾಕಷ್ಟು ಮತ ಬೇಕಿತ್ತು. ಆಗ ಮತ ಹಾಕಿದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಕಪ್ಪು ಗಂಡಸರು. ನಗರ ಆಯ್ತು, ಅವರಿಗೆ ಬೇರೆ ಕೇರಿ ಆಯ್ತು. ಸಮುದ್ರಸ್ನಾನಕ್ಕೆ ಅಂತ ಅವರಿಗೊಂದು ಅಧಿಕೃತ ಕಡಲತೀರ ಸಿಕ್ಕಿದ್ದು 1945ರಲ್ಲಿ, ಅದೂ ಬಿಳಿಯರ ತೀರದಲ್ಲಿ ನೀರಿಗಿಳಿದು ಪ್ರತಿಭಟನೆ ಮಾಡಿದ ಮೇಲೆ. ಆ ತೀರ ಇರೋದು ವರ್ಜೀನಿಯಾ ಕೀ ದ್ವೀಪದಲ್ಲಿ, ವಿಜ್ಕಾಯಾದ ಎದುರಿಗೆ, ಅದೇ ಕೊಲ್ಲಿಯ ಆಚೆ.

6/8
ಸ್ವೈಪ್ ಮಾಡಿ, ಇದು ಫೋಟೋ ಅಲ್ಲ, ಜಲವರ್ಣ.

1917ರಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ಫ್ಲೋರಿಡಾಕ್ಕೆ ಬಂದಿದ್ದರು, ರಾಕ್‌ಫೆಲರ್ ಭಾವಚಿತ್ರ ಬರೆಯೋಕೆ. ಆಗಿನ ಕಾಲದ ಅತಿ ದುಬಾರಿ ಭಾವಚಿತ್ರಕಾರರಲ್ಲಿ ಒಬ್ಬರು. ಡೀರಿಂಗ್ ಮನೆಯಲ್ಲಿ ಉಳಿದುಕೊಂಡರು. ಜಗಲಿ, ಅಂಗಳ ಎಲ್ಲಾ ಬರೆದರು. ಆಮೇಲೆ ದಡಕ್ಕೆ ಇಳಿದು, ಕೆಲಸದ ನಡುವೆ ನೀರಲ್ಲಿ ಮೈಚೆಲ್ಲಿ ಮಲಗಿದ್ದ ಕಪ್ಪು ಕಾರ್ಮಿಕರನ್ನು ಬರೆದರು. ನೀರಿನ ಮೇಲೆ, ಬೆನ್ನಿನ ಮೇಲೆ ಬಿದ್ದ ಬಿಸಿಲು ನೋಡಿ, ಉಸಿರು ನಿಲ್ಲುತ್ತೆ.

ಈ ಚಿತ್ರಗಳಲ್ಲಿ ಕೆಲವು ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನಲ್ಲಿವೆ, ಕೆಲವು ವೂಸ್ಟರ್‌ನಲ್ಲಿ. ಹೆಸರು ಏನು ಗೊತ್ತಾ? 'ಸ್ನಾನಿಗರು'. 'ಮನುಷ್ಯ ಮತ್ತು ಕೊಳ, ಫ್ಲೋರಿಡಾ'. ರಾಕ್‌ಫೆಲರ್ ಚಿತ್ರಕ್ಕೆ 'ಮನುಷ್ಯ ಮತ್ತು ಕುರ್ಚಿ' ಅಂತ ಹೆಸರಿಟ್ಟಿದ್ದರೆ ನಾನು ಒಪ್ಪಿಕೊಳ್ತಿದ್ದೆ.

ಇನ್ನೂ ಒಂದು ಇದೆ. ಇದು ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮನೆಗೆ ಬರುವ ಹಾದಿಯಲ್ಲಿ ಎರಡು ಪ್ರತಿಮೆಗಳಿವೆ. ಒಂದು ಪೊನ್ಸೆ ದೆ ಲಿಯೋನ್, ಫ್ಲೋರಿಡಾಕ್ಕೆ ಬಂದ ಸ್ಪೇನಿನ ನಾವಿಕ. ಇನ್ನೊಂದು ಬೆಲ್ ವಿಜ್ಕಾಯಾ. ಯಾರಿದು? ಯಾರೂ ಅಲ್ಲ. ಕಟ್ಟುಕತೆ. ಮನೆಯ ಹೆಸರಿಗೆ ಹೊಂದಲಿ ಅಂತ ಹುಟ್ಟಿಸಿದ ನಾವಿಕ. ಇರದ ಮನುಷ್ಯನಿಗೆ ಕಲ್ಲಿನ ಪ್ರತಿಮೆ, ಹೆಸರು ಸಮೇತ.

7/8
ನಿಮ್ಮ ಕಾಮೆಂಟು ನನಗೆ ಗೊತ್ತು. "ಕೂಲಿ ಕೊಟ್ಟಿದ್ದಾನಲ್ಲ, ಲೆಕ್ಕ ಚುಕ್ತಾ." ನಮ್ಮ ಮೆಸ್‌ನಲ್ಲಿ ಗೆಳತಿಯೊಬ್ಬಳು ಇದನ್ನೇ ಹೇಳಿದಳು, ಅರ್ಧ ಗಂಟೆ ವಾದ ಆಯ್ತು, ಸಾರು ಆರಿಹೋಯ್ತು.

ಸರಿ, ಲೆಕ್ಕವೇ ಮಾಡೋಣ. ಫಸ್ಟ್ ಸೆಮ್‌ನಲ್ಲೇ ಬರೋ ಪ್ರಶ್ನೆ: ಸ್ವಂತ ಕಟ್ಟಡ ಕಟ್ಟಿಸಲು ಕೊಟ್ಟ ಕೂಲಿಯನ್ನು ವೇಜಸ್ ಅಕೌಂಟಿಗೆ ಡೆಬಿಟ್ ಮಾಡಿದೆ, ತಪ್ಪು ಸರಿಪಡಿಸಿ. ಉತ್ತರ ಎಲ್ಲರಿಗೂ ಬಾಯಿಪಾಠ. ವೇಜಸ್ ಅಕೌಂಟಿಂದ ತೆಗೆದು ಬಿಲ್ಡಿಂಗ್ ಅಕೌಂಟಿಗೆ ಹಾಕಬೇಕು. ಯಾಕೆ? ಯಾಕಂದ್ರೆ ಆ ಕೂಲಿ ಖರ್ಚಾಗಿ ಹೋಗಿಲ್ಲ, ಕಟ್ಟಡವೇ ಆಗಿದೆ. ವರ್ಷಾನುಗಟ್ಟಲೆ ಉಳಿಯುತ್ತೆ. ಅಂದ್ರೆ ನಮ್ಮ ಪುಸ್ತಕದ ನಿಯಮದ ಪ್ರಕಾರವೇ ಆ ಸಾವಿರ ಜನ ಈಗಲೂ ಆ ಗೋಡೆಯೊಳಗಿದ್ದಾರೆ. ಬ್ಯಾಲೆನ್ಸ್ ಶೀಟಿನಲ್ಲಿ ಮಾತ್ರ 'ಬಿಲ್ಡಿಂಗ್' ಅಂತ ಒಂದೇ ಸಾಲು, ಮೇಲೆ ಮಾಲೀಕನ ಹೆಸರು. ಕೂಲಿ ಕೊಟ್ಟರೆ ಸಾಲ ತೀರುತ್ತೆ. ಮಾಡಿದವರು ಯಾರು ಅನ್ನೋದು ತೀರಲ್ಲ. ಪೇಂಟರ್‌ಗೆ ದುಡ್ಡು ಕೊಟ್ಟ ಮಾತ್ರಕ್ಕೆ ಸಾರ್ಜೆಂಟ್ ಚಿತ್ರವನ್ನು ರಾಕ್‌ಫೆಲರ್ ಬರೆದ ಅಂತೀರಾ?

"ಎಲ್ಲಾ ಅರಮನೆಗಳ ಕತೆಯೂ ಇದೇ ಅಲ್ವಾ" ಅಂದಳು ಅವಳು. ಹೌದು. ಆದ್ರೆ ಸಾವಿರ ವರ್ಷದ ಹಿಂದಿನ ಕಲ್ಲುಕುಟಿಗನ ಹೆಸರು ಎಲ್ಲಿ ಹುಡುಕೋದು ಅನ್ನೋ ನೆಪ ಇಲ್ಲಿ ನಡೆಯಲ್ಲ. ಇದು ನೂರು ಚಿಲ್ಲರೆ ವರ್ಷದ್ದು. ಟೆಲಿಫೋನ್, ಕ್ಯಾಮೆರಾ ಎಲ್ಲಾ ಇದ್ದ ಕಾಲ. ಬಹಾಮಾದಿಂದ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಇನ್ನೂ ಕೋಕೋನಟ್ ಗ್ರೋವ್‌ನಲ್ಲಿದ್ದಾರೆ. ಅಲ್ಲಿ ಜಾಗದ ರೇಟು ಏರಿ ಏರಿ ಹಳೇ ಮನೆಗಳು ಒಂದೊಂದೇ ಬೀಳ್ತಿವೆ. ಕೇಳೋದಾದ್ರೆ ಈಗ ಕೇಳಬೇಕು.

ಮ್ಯೂಸಿಯಂನವರು ಈಗ ಬಹಾಮಾದವರ ಬಗ್ಗೆ ಮಾತಾಡ್ತಾರೆ, ಅದನ್ನು ಮುಚ್ಚಿಡಲ್ಲ ನಾನು. ನನ್ನ ಜಗಳ ಅವರಿಗಿಂತ ಹೆಚ್ಚು ನಮ್ಮ ಜೊತೆ. ಅವರು ಹೇಳಿದ್ದನ್ನೂ ಬಿಟ್ಟು ಡ್ರೋನ್ ಹಾರಿಸ್ತೀವಲ್ಲ, ಅದು.

8/8
ಕೊನೇ ಫೋಟೋ: ಬಲೂನಿನ ಹಾಗೆ ಉಬ್ಬಿದ ಗೌನ್ ಹಾಕಿಕೊಂಡ ಹುಡುಗಿ, ಕಲ್ಲಿನ ಮೆಟ್ಟಿಲ ಮೇಲೆ.

ಮಯಾಮಿಯ ಕ್ಯೂಬಾ ಮೂಲದ, ಲ್ಯಾಟಿನ್ ಅಮೆರಿಕ ಮೂಲದ ಮನೆಗಳಲ್ಲಿ ಹೆಣ್ಣುಮಗುವಿಗೆ ಹದಿನೈದು ತುಂಬಿದರೆ ದೊಡ್ಡ ಹಬ್ಬ. ಫೋಟೋಗೆ ಎಲ್ಲರೂ ಬರೋದು ವಿಜ್ಕಾಯಾ ತೋಟಕ್ಕೆ. ಇದನ್ನು ನೋಡಿ ಮ್ಯೂಸಿಯಂ ಮರ್ಯಾದೆ ಹೋಯ್ತು, ಸ್ಟುಡಿಯೋ ಆಯ್ತು ಅಂತ ಮೂಗು ಮುರಿಯೋರಿದ್ದಾರೆ. ನನಗಂತೂ ಆ ತೋಟಕ್ಕೆ ಸಿಕ್ಕಿರೋ ಬೆಸ್ಟ್ ಉಪಯೋಗ ಇದೇ ಅನ್ನಿಸುತ್ತೆ. ಅಷ್ಟು ಜನ ಸೇರಿ ಮಾಡಿದ ದಿಬ್ಬದ ಎದುರು ಬೇಕರಿಯಲ್ಲಿ ದುಡಿಯೋ ಅಮ್ಮನ ಮಗಳೂ ರಾಣಿ ಥರ ನಿಲ್ಲಬಹುದು.

ಆ ಹುಡುಗಿಗೆ ಅಲ್ಲಿ ನಿಲ್ಲೋ ಹಕ್ಕು ಡೀರಿಂಗ್ ಉಡುಗೊರೆಯಲ್ಲ. ಅವನ ಅಣ್ಣನ ಹೆಣ್ಣುಮಕ್ಕಳಿಂದ 1952ರಲ್ಲಿ ಡೇಡ್ ಕೌಂಟಿ, ಅಂದರೆ ಅಲ್ಲಿನ ಸ್ಥಳೀಯ ಸರ್ಕಾರ, 10 ಲಕ್ಷ ಡಾಲರ್‌ಗೆ ಮನೆ-ತೋಟ ಕೊಂಡಿತು. ಸಾರ್ವಜನಿಕ ಮ್ಯೂಸಿಯಂ ಆಗೇ ಇರಬೇಕು ಅನ್ನೋ ಷರತ್ತಿನ ಮೇಲೆ ಒಳಗಿನ ಸಾಮಾನನ್ನು ಅವರು ದಾನ ಕೊಟ್ಟರು, ಅಷ್ಟು ಮಟ್ಟಿಗೆ ಅವರಿಗೆ ಥ್ಯಾಂಕ್ಸ್. ಅಂದಿನಿಂದ ಅದು ಊರಿನ ಆಸ್ತಿ. 2017ರಲ್ಲಿ ಇರ್ಮಾ ಚಂಡಮಾರುತ ಬಂದಾಗ ಸಮುದ್ರ ಕೆಳಗಿನ ಅಂತಸ್ತಿಗೆ ನುಗ್ಗಿತು. ಕಾಲ್ಡರ್ ಕೆತ್ತನೆಯ ಆ ಕಲ್ಲಿನ ಹಡಗು ಉಪ್ಪುನೀರಿಗೆ ಸವೆದು ಸವೆದು ಮುಖಗಳು ಅಳಿಸ್ತಿವೆ. ರಿಪೇರಿಗೆ ಮತ್ತೆ ಗಾರೆಯವರು, ಕಲ್ಲಿನವರು ಬರಲೇಬೇಕು. ಈ ಸಲವಾದರೂ ಅವರ ಹೆಸರು ಒಂದು ಕಲ್ಲಿನ ಮೇಲೆ ಬರೀಲಿ. ಜಾಗ ಇಲ್ಲ ಅಂದ್ರೆ ಬೆಲ್ ವಿಜ್ಕಾಯಾನ ಪೀಠದ ಮೇಲೆ ಬರೀಲಿ, ಅವನು ಬೇಜಾರು ಮಾಡಿಕೊಳ್ಳಲ್ಲ.

ರೀಲ್ ಹಾಕಿದ ಅಣ್ಣಾ, ನೀವು ಇದನ್ನು ಓದ್ತಿದ್ರೆ: ವಿಡಿಯೋ ಡಿಲೀಟ್ ಮಾಡಬೇಡಿ, ಚೆನ್ನಾಗಿದೆ. ಕ್ಯಾಪ್ಶನ್‌ನಲ್ಲಿ ಎಡಿಟ್ ಒತ್ತಿ, "ಕಟ್ಟಿದ" ಅನ್ನೋದರ ಮಧ್ಯೆ ಒಂದು "ಸಿ" ಸೇರಿಸಿ. ಮೂರು ಸೆಕೆಂಡಿನ ಕೆಲಸ.